ಹೈಡ್ರುನ್ ಮೇಡಂ ಮದುವೆಗೆ ಹೋದದ್ದು

ಕೊಲ್ಲಿ ದೇಶದ ನಮ್ಮ ಕಂಪನಿ ಬಸ್ಸು ಅಲ್ ಖೋರ್ ಪಟ್ಟಣ ದಾಟುತ್ತಿದ್ದಂತೆ ಮುಂದಿನ ಸೀಟಿನ ಹೈಡ್ರುನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಾಲ್ಬೆರಳುಗಳನ್ನು ಚೂಪಾಗಿ ಚಾಚಿ, ಭುಜಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಿದ್ದಳು. ರಸ್ತೆಯೋ ಅಡಿಪಟ್ಟಿ ಇಟ್ಟು ಎಳೆದ ಗೆರೆಯಂತೆ ನೆಟ್ಟಗೆ. ಮೊದಲ ದಿನ ಕನ್ನಡಿಯಲ್ಲಿ ಇದನ್ನು ಕಂಡ ಡ್ರೈವರ್ ಹಮೀದಾಕ, "ಎಂತ ಮಾರಾಯ, ಮೈಮೇಲೆ ಬಂದದ್ದಾ ಇದಕ್ಕೆ?" ಎಂದು ನನ್ನನ್ನು ಕೇಳಿ, ಬಸ್ಸು ನಿಲ್ಲಿಸಿ, ಆಕೆಯ ಮುಖಕ್ಕೆ ನೀರು ಚಿಮುಕಿಸಿದರು.

ಹೈಡ್ರುನ್ ಕೆರಳಿದಳು. "ಒಂಬತ್ತನೇ ತಿರುವಿನಲ್ಲಿದ್ದೆ! ಕೊಂದುಬಿಟ್ಟೆ ನನ್ನನ್ನು!"

ಆಕೆ ನಮ್ಮ ಸೈಟಿನಲ್ಲಿ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದ ಜರ್ಮನ್ ಹೆಂಗಸು. ನಾನು ಹಾಜರಿ ಬರೆಯುವ ಟೈಂಕೀಪರ್. ಇಲ್ಲಿಗೆ ಬರುವ ಮೊದಲು ಆಕೆ ಲೂಜ್ ಆಟಗಾರ್ತಿ. ಮಂಜುಗಡ್ಡೆಯ ಕಾಲುವೆಯಲ್ಲಿ ಪುಟ್ಟ ಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದಾಗಿ, ಸಾಯುವ ವೇಗದಲ್ಲಿ ಜಾರುವ ಆಟ ಅದು. ಬ್ರೇಕ್ ಇಲ್ಲ. ಇಡೀ ಹಾದಿಯನ್ನು ಮೊದಲೇ ತಲೆಯಲ್ಲಿ ಜಾರಿ ನೋಡಬೇಕು. ಬಸ್ಸಿನಲ್ಲಿ ನಡೆಯುತ್ತಿದ್ದದ್ದು ಅದೇ.

ಚಿಕ್ಕಂದಿನಲ್ಲಿ ಪೂರ್ವ ಜರ್ಮನಿಯ ಕ್ರೀಡಾ ಅಧಿಕಾರಿಗಳು ಶಾಲೆಗೇ ಬಂದು, ತೋಳಿನ ಉದ್ದ ಅಳೆದು, ಆಕೆಯನ್ನು ಕರೆದೊಯ್ದಿದ್ದರಂತೆ. ಅಷ್ಟು ಅಳೆದರೂ ದೊಡ್ಡ ಪದಕ ಬರಲಿಲ್ಲ. ಏಕೆ ಬರಲಿಲ್ಲ ಎಂಬುದಕ್ಕೆ ಆಕೆ ಕೊಟ್ಟ ಕಾರಣಗಳಿಗೆ ನನ್ನ ಡೈರಿಯಲ್ಲಿ ಒಂದು ಪುಟ ಮೀಸಲಿತ್ತು. ಐಸ್ ಮೆತ್ತಗಿತ್ತು: ಆರು ಸಲ. ಬಂಡಿ ಸರಿಯಿರಲಿಲ್ಲ: ನಾಲ್ಕು. ಕೋಚ್ ಕತ್ತೆ: ಹನ್ನೊಂದು. ತನ್ನ ತಪ್ಪು: ಸೊನ್ನೆ. ಎರಡು ಜರ್ಮನಿ ಒಂದಾದಾಗ ತಂಡವೂ ಒಂದಾಯಿತು, ಆಕೆ ಹೊರಗುಳಿದಳು. "ಗೋಡೆ ಬಿತ್ತು ಅಂತ ಜಗತ್ತೆಲ್ಲ ಕುಣಿಯಿತು. ಅದು ಬಿದ್ದದ್ದು ನನ್ನ ಮೇಲೆ" ಎನ್ನುತ್ತಿದ್ದಳು.

ಆಕೆ ನಮ್ಮ ಸೈಟಿನಲ್ಲಿದ್ದ ವರ್ಷ ಚಳಿಗಾಲಕ್ಕೆ ಮುಂಚೆ ಜರ್ಮನಿಯಿಂದ ಫೋನ್ ಬಂತು. ತಂಡದ ಒಬ್ಬಳಿಗೆ ಪೆಟ್ಟಾಗಿ ಒಂದು ಜಾಗ ಖಾಲಿಯಾಗಿದೆ, ಆಯ್ಕೆ ಸ್ಪರ್ಧೆ ಇದೆ, ಬರುತ್ತೀಯಾ? ಮೂವತ್ತು ದಾಟಿದವಳಿಗೆ ಇದೇ ಕಡೆಯದು. ಅಂದಿನಿಂದ ಕೆಲಸ ಬಿಟ್ಟೊಡನೆ ಅಲ್ ಖೋರ್‌ನ ಮೀನಿನ ಐಸ್ ಪ್ಲಾಂಟಿನಲ್ಲಿ ಐಸಿನ ದಿಮ್ಮಿಗಳನ್ನು ಸಾಲಾಗಿ ಇಡಿಸಿ, ಮುಳ್ಳಿನ ಕೈಗವಸು ತೊಟ್ಟು, ಹೊರಡುವಾಗ ಐಸನ್ನು ಪರಚಿ ತಳ್ಳುವುದನ್ನು ಅಭ್ಯಾಸ ಮಾಡಿದಳು. ಯುರೋಪಿನ ವೇಗದ ರಾಣಿಯ ಹತ್ತಿರ ಹಮೂರ್ ಮೀನಿನ ವಾಸನೆ.

"ಮೇಡಂ, ಇನ್ನು ನಿಮ್ಮನ್ನು ಹುರಿಯುವುದೊಂದು ಬಾಕಿ" ಎಂದರು ಹಮೀದಾಕ.

ದೇಶ ಬಿಡಲು ಸ್ಪಾನ್ಸರ್, ಅಂದರೆ ನಮಗೆಲ್ಲ ವೀಸಾ ಕೊಡಿಸಿದ ಕಂಪನಿಯ ಅರಬ್ ಮಾಲೀಕರು, ಸಹಿ ಮಾಡಿದ ಎಕ್ಸಿಟ್ ಪರ್ಮಿಟ್ ಬೇಕು. ಅರ್ಜಿ ಕಳಿಸುವವರು ಆಡಳಿತ ವಿಭಾಗದ ಮೂರ್ತಿಯವರು, ಮೈಸೂರಿನವರು. ನಮ್ಮ ಆಫೀಸಿನಲ್ಲಿ ತುರ್ತು ರಜೆಗೆ ಮೂರೇ ಕಾರಣ: ಸಾವು, ಕಾಯಿಲೆ, ಮದುವೆ. ಒಬ್ಬೊಬ್ಬನೂ ಒಂದೇ ಅಜ್ಜಿಯನ್ನು ಎರಡೆರಡು ಸಲ ಸಾಯಿಸಿದವನೇ.

"ಐಸ್ ಮೇಲೆ ಜಾರೋಕ್ಕೆ ಹೋಗ್ತಾಳೆ ಅಂತ ಹೇಗ್ರೀ ಬರೀಲಿ? ನನಗೇ ಹುಚ್ಚು ಅಂತಾರೆ" ಎಂದು ಗೊಣಗಿ, ಆಕೆಗೂ ಹೇಳದೆ, "ಸ್ವಂತ ಮದುವೆ" ಎಂದು ಬರೆದರು.

ಸಹಿ ಮಾರನೆಯ ದಿನವೇ ಬಂತು. ಅದರ ಹಿಂದೆಯೇ ಸ್ಪಾನ್ಸರ್ ಮನೆಯಿಂದ, ಹರಿವಾಣದಂಥ ತಟ್ಟೆಯಲ್ಲಿ, ಅನ್ನದ ಮೇಲೆ ಮಲಗಿಸಿದ ಇಡೀ ಕುರಿಯೂ ಬಂತು: ಮದುಮಗಳಿಗೆ ಶುಭಾಶಯ. ಹೈಡ್ರುನ್ ಮೂರ್ತಿಯವರನ್ನೂ ಕುರಿಯನ್ನೂ ಬಾರಿ ಬಾರಿ ನೋಡಿದಳು. ಆಮೇಲೆ ಅಂಗಿಯ ತೋಳು ಮಡಚಿ ಕೂತು ತಿಂದಳು. "ತೂಕ ಹೆಚ್ಚಿದಷ್ಟೂ ವೇಗ ಹೆಚ್ಚು. ಯಲ್ಲಾ, ಬೇಗ, ಇನ್ನೊಂದು ತೊಡೆ ಕೊಡು."

ಎರಡು ವಾರಕ್ಕೆ ಹಿಂತಿರುಗಿದಳು. ಆ ಜಾಗ ಹದಿನೆಂಟರ ಹುಡುಗಿಯೊಬ್ಬಳ ಪಾಲಾಗಿತ್ತು. ಯಾವ ಕಾರಣದ ಮುಂದೆ ಗೆರೆ ಹಾಕಲಿ ಎಂದು ನಾನು ಕಾದೆ.

"ಐಸ್ ಚೆನ್ನಾಗಿತ್ತು" ಎಂದಳು. "ಬಂಡಿ ಚೆನ್ನಾಗಿತ್ತು. ಅವಳು ನನಗಿಂತ ವೇಗ. ಖಲಾಸ್."

ನನ್ನ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಎಂದಿನಂತೆ ನಕ್ಕರು. ಆಕೆಯೂ ನಕ್ಕಳು.

ಆದರೆ ಮದುಮಗಳು ಸ್ಪಾನ್ಸರರನ್ನು ಕಂಡು ವಂದನೆ ಹೇಳುವ ಶಾಸ್ತ್ರ ಉಳಿದಿತ್ತು. ಮೂರ್ತಿಯವರು ದಾರಿಯುದ್ದಕ್ಕೂ, "ಗಂಡನಿಗೆ ವೀಸಾ ಸಿಗಲಿಲ್ಲ ಅಂದ್ಬಿಡಿ ಮೇಡಂ, ಪ್ಲೀಸ್" ಎಂದು ಪಾಠ ಹೇಳಿಕೊಟ್ಟರು. ತಮ್ಮ ವೆಸ್ಟ್ ಬೇ ಆಫೀಸಿನಲ್ಲಿ ಹಿರಿಯರಾದ ಸ್ಪಾನ್ಸರ್ ಎದ್ದು ನಿಂತು ಬರಮಾಡಿಕೊಂಡರು. "ಗಂಡ ಎಲ್ಲಿ?"

"ಮದುವೆ ಇಲ್ಲ" ಎಂದಳು ಹೈಡ್ರುನ್.

ಮೂರ್ತಿಯವರು ಹಣೆ ಒರೆಸಿಕೊಂಡರು. ಹಿರಿಯರು ತಾವೇ ಪುಟ್ಟ ಬಟ್ಟಲಿಗೆ ಕಾಫಿ ಸುರಿದು ಆಕೆಯ ಕೈಗಿತ್ತರು. "ನಿನ್ನನ್ನು ಬಿಟ್ಟ ಆ ಮನುಷ್ಯ ಕುರುಡ, ಮಗಳೇ. ನಿನ್ನಲ್ಲಿ ಯಾವ ಕೊರತೆಯೂ ಇಲ್ಲ."

ಹೈಡ್ರುನ್ ಅತ್ತಳು. ಬಟ್ಟಲು ಕೆಳಗಿಡದೆ, ನೆಟ್ಟಗೆ ಕೂತು, ಸದ್ದಿಲ್ಲದೆ ಅತ್ತಳು. ಸೋತು ಬಂದ ಆಟಗಾರ್ತಿಗೆ ಹೇಳಲು ಆ ಊರಿನಲ್ಲಿ ಯಾರ ಬಳಿಯೂ ಮಾತಿರಲಿಲ್ಲ. ಮದುವೆ ಮುರಿದವಳಿಗೆ ಬೇಕಾದಷ್ಟಿತ್ತು. ಆಕೆ ಸಿಕ್ಕಿದ್ದನ್ನು ತೆಗೆದುಕೊಂಡಳು.

ಬೇಸಿಗೆಯಲ್ಲಿ ಕರಾರು ಮುಗಿಸಿ ಹೊರಟಳು. ನನಗೆ ಡ್ಯೂಟಿ ಇತ್ತು. ಏರ್‌ಪೋರ್ಟಿಗೆ ಬಿಟ್ಟು ಬಂದವರು ಹಮೀದಾಕ.

"ಮೇಡಂ ಎಂತ ಹೇಳಿದ್ರು?" ಎಂದು ಕೇಳಿದೆ.

"ಅವ್ರು ಎಂತ ಹೇಳ್ಲಿಲ್ಲ. ನಾನೇ ಹೇಳಿದೆ, ಈ ಸಲ ಒಳ್ಳೆ ಹುಡುಗನನ್ನೇ ನೋಡಿ ಅಂತ. ದಾರಿಯಲ್ಲಿ ಉಮ್ಮ್ ಸಲಾಲ್ ಊರಿನವರೆಗೆ ನಗಾಡಿದ್ರು ಮಾರಾಯ." ಹಮೀದಾಕ ಸ್ಟೇರಿಂಗಿನ ಧೂಳು ಒರೆಸಿದರು. "ಆಮೇಲೆ ನಗಾಡ್ಲಿಲ್ಲ."