ಕೆಂಪು ನಕ್ಷತ್ರವೂ ಬಾಳೆನಾರೂ

ಬಾಳೆನಾರನ್ನು ನೀರಿಗೆ ಹಾಕಿದರೆ ಒಂದು ವಾಸನೆ ಬರುತ್ತದೆ. ಮಣ್ಣಿನದ್ದೂ ಅಲ್ಲ, ಎಲೆಯದ್ದೂ ಅಲ್ಲ. ಇನ್ನಂಜೆಯ ನಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟಲು ಕೂರುವ ಮೊದಲು ನಾನು ದಿನವೂ ನಾರು ನೆನೆಸುತ್ತೇನೆ. ಒಣಗಿದ್ದರೆ ಗಂಟು ಹಾಕುವಾಗ ತುಂಡಾಗುತ್ತದೆ. ಇಷ್ಟು ವರ್ಷ ಮೂಗಿಗೆ ತಿಳಿಯದಿದ್ದ ಈ ವಾಸನೆ ಈಗೀಗ ತಿಳಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು.

ನನ್ನ ಗಂಡ ಎಲೆಕ್ಟ್ರಿಷಿಯನ್. ಮದುವೆಯಾದ ಹೊಸತರಲ್ಲಿ ಪಕ್ಕದಲ್ಲಿ ಕೂತು ಹೂವು ಕಟ್ಟಲು ನೋಡಿದರು. ಅವರ ಬೆರಳಿಗೆ ಮೊಗ್ಗೆಲ್ಲ ನಲುಗಿತು.

"ನಿಮಗೆ ವಯರೇ ಸರಿ, ಬಿಡಿ."

"ನಿನ್ನ ನಾರಿಗಿಂತ ನನ್ನ ವಯರು ಗಟ್ಟಿ ಮಾರಾಯ್ತಿ."

ಹಾಲಿನ ಪ್ಯಾಕೆಟ್ಟಿನ ಬಾಯಿಗೆ, ಕೊಡೆಯ ಕಡ್ಡಿಗೆ, ಬಾಗಿಲ ಚಿಲಕಕ್ಕೆ, ಎಲ್ಲದಕ್ಕೂ ತಾಮ್ರದ ತಂತಿ ಸುತ್ತುತ್ತಿದ್ದರು. ಈ ಮನೆಯಲ್ಲಿ ತಂತಿ ಸುತ್ತದೆ ಉಳಿದದ್ದು ನಾನೊಬ್ಬಳೇ ಎಂದು ನಾನು ನಗುತ್ತಿದ್ದೆ.

ನಮಗೊಂದು ಮಗು ಹುಟ್ಟಿತು, ಉಳಿಯಲಿಲ್ಲ. ಜಗಳವೇನೂ ಆಗಲಿಲ್ಲ. ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗೆ ಅದೇ ನೆನಪಾಗುತ್ತಿತ್ತು, ಅಷ್ಟೇ. ಅವರು ಕಾರ್ಕಳದಲ್ಲಿ ಕೆಲಸ ಹಿಡಿದು ಅಲ್ಲೇ ಕೋಣೆ ಮಾಡಿದರು. ವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬಂದರು, ಆಮೇಲೆ ಬರಲಿಲ್ಲ. ಬಿಟ್ಟೆವು ಎಂದು ಇಬ್ಬರೂ ಹೇಳಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟಕ್ಕೆ ಕಾರ್ಕಳದಲ್ಲೇ ಇರುವ ನಾದಿನಿಯ ಮನೆಗೆ ಹೋದೆ. ತೀರಿಕೊಂಡವರಿಗೆಂದು ಅಲ್ಲೊಂದು ಎಲೆ ಹಾಕಿದ್ದರು. ಅದಕ್ಕೆ ಮನೆಯವರು ಬಡಿಸಬೇಕು. ನಾನು ಮನೆಯವಳೇ? ಅನ್ನದ ಪಾತ್ರೆಯ ಹತ್ತಿರ ಸುಮ್ಮನೆ ನಿಂತಿದ್ದೆ.

"ಇಷ್ಟು ವರ್ಷ ಇನ್ನಂಜೆಯಿಂದ ಕಾರ್ಕಳಕ್ಕೆ ಬಸ್ಸು ಇರಲಿಲ್ವಾ?" ಎಂದು ಅವರ ಚಿಕ್ಕಮ್ಮ ಕೇಳಿದರು.

"ಬಸ್ಸು ಈ ಕಡೆಯಿಂದಲೂ ಉಂಟಲ್ವಾ ಚಿಕ್ಕಮ್ಮ," ಎಂದಳು ನಾದಿನಿ. ಆದರೆ ಸೌಟನ್ನು ಅವಳೂ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಊಟವಾದ ಮೇಲೆ ಅವಳೇ ನನ್ನನ್ನು ಅಣ್ಣನ ಕೋಣೆಗೆ ಕರೆದುಕೊಂಡು ಹೋದಳು. ಗೋಡೆ ತುಂಬ ವಯರಿನ ಸುರುಳಿಗಳು. ಆದರೆ ಬೀಗದ ಕೈಗೆ ಬಾಳೆನಾರು. ಕನ್ನಡಕದ ಮುರಿದ ಕಾಲಿಗೆ ಬಾಳೆನಾರು. ಕಿಟಕಿಯ ಪರದೆಗೂ ಅದೇ. ಗಂಟು ನನ್ನದು, ಹೂವಿನ ಗಂಟು. ಯಾವಾಗ ಕಲಿತರೋ. ಕಿಟಕಿಯ ಬಳಿ ಒಂದು ಬಟ್ಟಲಲ್ಲಿ ನೆನೆಹಾಕಿದ ನಾರು ನೀರಾರಿ ತಳಕ್ಕೆ ಅಂಟಿತ್ತು.

"ಅಣ್ಣನಿಗೆ ಇದೊಂದು ಮರುಳು ಅತ್ತಿಗೆ. ವಯರು ಇಷ್ಟು ಉಂಟು, ನಾರು ಎಂತಕ್ಕೆ ಅಂತ ಕೇಳಿದರೆ ನಗುವುದು."

ನಮ್ಮ ಮನೆಯ ಹಾಲಿನ ಪ್ಯಾಕೆಟ್ಟಿಗೆ ನಾನು ಇವತ್ತಿಗೂ ತಂತಿಯನ್ನೇ ಸುತ್ತುತ್ತೇನೆ ಎಂದೆ. ನಾದಿನಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪರದೆಯ ನಾರಿನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

"ಒಂದು ನಕ್ಷತ್ರ ಉಂಟು ಅತ್ತಿಗೆ. ಕೆಂಪು, ಸಣ್ಣದು, ಬರಿಗಣ್ಣಿಗೆ ಕಾಣುವುದಿಲ್ಲ. ಇನ್ನೂ ಎಳೆಯದು."

"ಎಳೆಯದು ಅಂದರೆ?"

"ಕೆಲವು ಕೋಟಿ ವರ್ಷ."

ಆ ದಿನವೂ ನನಗೆ ನಗು ಬಂತು.

"ಅದಕ್ಕೊಂದು ಗ್ರಹ. ಎಷ್ಟು ದೂರ ಅಂದರೆ, ಒಂದು ಸುತ್ತು ಬರಲಿಕ್ಕೆ ಲಕ್ಷಗಟ್ಟಲೆ ವರ್ಷ ಬೇಕು. ಯಾರೂ ಇಲ್ಲದ ಒಂಟಿ ಗ್ರಹ ಅಂತಲೇ ಮೊದಲು ಎಣಿಸಿದ್ದರು."

"ಮತ್ತೆ ಹೇಗೆ ಗೊತ್ತಾಯಿತು?"

"ಎರಡೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೋಗ್ತಾ ಉಂಟು. ಸಂಬಂಧ ಇಲ್ಲದವು ಹಾಗೆ ಹೋಗುವುದಿಲ್ಲ."

ನಾನು ಏಳನೆಯ ತರಗತಿಯವರೆಗೆ ಓದಿದವಳು. ಗ್ರಹದ ಲೆಕ್ಕ ನನಗೆ ತಿಳಿಯದು. ಬಸ್ಸಿನಲ್ಲಿ ಶಿರ್ವ ದಾಟುವವರೆಗೂ ಆ ಕೊನೆಯ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಈಗ ಆಟಿ ತಿಂಗಳು. ಮಳೆಗೆ ಹೂವು ಕಡಿಮೆ. ಆಟಿಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಅವರು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಕಡೆಯ ಕ್ರಮ. ಇವತ್ತು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿದೆ. ಬಡಿಸಬಹುದೇ ಎಂದು ಯಾರನ್ನೂ ಕೇಳಲಿಲ್ಲ. ಒಂದು ಸೌಟು ಹೆಚ್ಚೇ ಬಡಿಸಿದೆ.

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತಿದ್ದೇನೆ. ಚಿಲಕವನ್ನು ಇಂದಿಗೂ ಅವರು ಸುತ್ತಿದ ತಂತಿಯೇ ಹಿಡಿದಿದೆ. ನಾರು ನೆನೆದಿದೆ. ಬಾಗಿಲು ತೆರೆಯಲು ನನಗೆ ಅವಸರವಿಲ್ಲ.