ಮುರಿದ ಮುದ್ದೆ

“ಊರಲ್ಲಿ ಹೊಲ ಉಳೋದು ಯಾರು?” ಬಟವಾಡಿಯ ಡಾಕ್ಟರು ನನ್ನನ್ನು ಕೇಳಿದರು. ನನ್ನ ಗಂಡನ ತೂಕ, ಬಿ.ಪಿ. ಎರಡೂ ನೋಡಿ ಅವರ ಮುಖ ಗಂಟಿಕ್ಕಿತ್ತು. ಹೊತ್ತಿಗೆ ಮೂರು ದೊಡ್ಡ ಮುದ್ದೆ ತಿಂತಾರೆ ಅಂತ ನಾನೇ ಜಂಬದಿಂದ ಹೇಳಿದ್ದೆ.

“ಮೈದುನ ಸಾರ್. ಇವ್ರಿಗೆ ಇಲ್ಲೇ ಆಫೀಸಲ್ಲಿ ಕೆಲ್ಸ.”

“ಮತ್ತೆ ಅವ್ನ ಊಟಾನ ಇವ್ರಿಗ್ಯಾಕಮ್ಮ ಹಾಕ್ತೀಯ?”

ಕುಣಿಗಲ್ ಬಿಟ್ಟು ತುಮಕೂರಿಗೆ ಬಂದು ಎಂಟು ವರ್ಷವಾಗಿತ್ತು. ಅತ್ತೆ ಕಲಿಸಿದ ಅಳತೆಯನ್ನು ನನ್ನ ಕೈ ಬಿಟ್ಟಿರಲಿಲ್ಲ. ಅವತ್ತು ಕಟ್ಟಿದ ಮುದ್ದೆ ಮುರಿದೆ, ಮನಸ್ಸು ತಡೆಯದೆ ಸೇರಿಸಿದೆ, ಮತ್ತೆ ಮುರಿದೆ. ಕೊನೆಗೆ ಮೂರರ ಬದಲು ಅರ್ಧ ಮುದ್ದೆ ಬಡಿಸಿದಾಗ ಅವರು ತಟ್ಟೆ ನೋಡಿ, “ಯಾಕೆ, ನನ್ಮೇಲೆ ಕೋಪಾನಾ?” ಅಂದರು.

ಈಗಲೂ ಅವರು ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಅಡುಗೆಮನೆವರೆಗೂ ಕೇಳಿಸುತ್ತದೆ. ನನ್ನ ಕೈಯೂ ಇನ್ನೂ ದೊಡ್ಡ ಮುದ್ದೆಯನ್ನೇ ಕಟ್ಟುತ್ತದೆ. ದಿನಾ ಮುರಿಯುತ್ತೇನೆ.