ಬಕ್ಕಪ್ಪನ ಬಂದೂಕಿನ ಎಂಜಲು

ಹಳ್ಳಿಖೇಡದ ಬಕ್ಕಪ್ಪ ಸಾಹುಕಾರ ತನ್ನ ಹಲ್ಲುಜ್ಜುವುದನ್ನು ಮರೆತಾನು, ರೈಫಲ್ಲಿನ ನಳಿಗೆ ಉಜ್ಜುವುದನ್ನು ಮರೆಯಲಾರ. ಕಾರ್ಖಾನೆಗೆ ಹೋಗಬೇಕಾದ ಕಬ್ಬನ್ನು ಕಾಡುಹಂದಿಗಳು ತಿನ್ನುತ್ತವೆಂದು ಲೈಸೆನ್ಸು ಮಾಡಿಸಿ ತಂದ ಬಂದೂಕು ಅದು. ಅವನ ಬಳಿ ಎರಡು ಬಗೆಯ ತೋಟಾಗಳಿವೆ, ಬರೀ ಸೀಸದ ಗುಂಡಿನವು ಮತ್ತು ತಾಮ್ರ ಹೊದಿಸಿದ ಗುಂಡಿನವು. ಒಂದನ್ನು ಬಿಟ್ಟು ಇನ್ನೊಂದನ್ನು ತುಂಬುವ ಮೊದಲು ನಳಿಗೆ ಸ್ವಚ್ಛವಾಗಲೇಬೇಕು. "ಒಬ್ಬರು ಉಂಡ ತಾಟಿನ್ಯಾಗ ಇನ್ನೊಬ್ಬರಿಗೆ ನೀಡ್ತಾರೇನು? ಸೀಸದ ಎಂಜಲದಾಗ ತಾಮ್ರ ಹ್ಯಾಂಗ ಹಾಕಲಿ?" ಎಂಬುದು ಅವನ ಶಾಸ್ತ್ರ. ಬಹಳ ಸಲ, ಹಂದಿ ಬಂತೆಂದು ಆಳು ಕೂಗಿಕೊಂಡರೆ, ಸಾಹುಕಾರ ಹೊಲದ ಬದುವಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸರಳಿಗೆ ಎಣ್ಣೆ ಅರಿವೆ ಸುತ್ತಿ, ಮದುಮಗನಿಗೆ ಅರಿಷಿಣ ಹಚ್ಚುವ ಹುರುಪಿನಲ್ಲಿ ತಿಕ್ಕುತ್ತಾನೆ. ಅರಿವೆ ಮಸಿ ಹತ್ತದೆ ಹೊರಬರುವಷ್ಟರಲ್ಲಿ ಹಂದಿ ಉಂಡು, ತೇಗಿ, ಪಕ್ಕದೂರು ದುಬಲಗುಂಡಿ ದಾಟಿರುತ್ತದೆ. "ನೀವು ಬಂದೂಕಿಗೆ ಜಳಕಾ ಮಾಡಸಾಕತ್ತೀರಿ, ಅಲ್ಲಿ ಹಂದಿ ಊಟಾ ಮಾಡಾಕತ್ತಾವ" ಎಂದು ಹೆಂಡತಿ ಸೂಗಮ್ಮ ಎಷ್ಟೋ ವರ್ಷ ಮಂಗಳಾರತಿ ಎತ್ತಿದಳು. ಹೋದ ಸುಗ್ಗಿಯಲ್ಲಿ ತಾನೇ ಬದುವಿನ ಮೇಲೆ ನಿಂತು ನೋಡಿದ ಮೇಲೆ ಮಂಗಳಾರತಿ ನಿಲ್ಲಿಸಿದಳು. ಒಂಟಿ ಗಂಡುಹಂದಿ ಬಂದರೆ ಎಂಜಲಿನ ಶಾಸ್ತ್ರ ಎಲ್ಲಿ ಹೋಗುತ್ತಿತ್ತೋ, ಒಳಗಿದ್ದ ತೋಟಾವೇ ಢಂ ಎನ್ನುತ್ತಿತ್ತು. ತೋಟಾ ಬದಲಿಸುವ ನೆನಪಾಗುತ್ತಿದ್ದುದು, ತಾಯಿಹಂದಿ ಮರಿಗಳ ಸಾಲು ಕಟ್ಟಿಕೊಂಡು ಬಂದಾಗ ಮಾತ್ರ. ಈಗ ಮರಿಗಳು ಕಂಡ ಕೂಡಲೇ ಸೂಗಮ್ಮನೇ ತನ್ನ ಹಳೆಯ ಸೀರೆ ಹರಿದು ಗಂಡನ ಕೈಗಿಡುತ್ತಾಳೆ: "ತಗೋರಿ, ನಳಗಿ ಭಾಳ ಹೊಲಸಾಗೇದ. ಸಾವಕಾಶ ತಿಕ್ಕರಿ."